ಯೂನಿಕ್ಸಿನಲ್ಲಿ ನೆಟ್‌ವರ್ಕ್ ಕಾರ್ಡಿನ ದೋಷನಿರ್ಣಯಕ್ರಮ

೧. ವಿಷಯಪ್ರವೇಶ

ಒಂದು ಗಣಕಯಂತ್ರದಲ್ಲಿ ಚೆನ್ನಾಗಿ ಕೆಲಸಮಾಡುತ್ತಿದ್ದ ನೆಟ್‌ವರ್ಕ್ ಕಾರ್ಡು, ಆ ಯಂತ್ರದಲ್ಲಿ ವಿಂಡೋಸನ್ನು ತೆಗೆದು ಯೂನಿಕ್ಸ್ ವರ್ಗದ ಕಾರ್ಯವ್ಯವಸ್ಥೆಯೊಂದನ್ನು ಸ್ಥಾಪಿಸಿದೊಡನೆ ಮೂಕವಾಗಿಬಿಡುವುದುಂಟು. ಕಾರ್ಡು ಸುಟ್ಟಿಲ್ಲ, ತಂತಿಯು ಕಡಿದಿಲ್ಲ. ಆದರೂ ಯಂತ್ರವು ಹೊರಗಿನೊಡನೆ ಒಂದಕ್ಷರವನ್ನಾದರೂ ಆಡದು. ಇಂಥ ಸಂದರ್ಭದಲ್ಲಿ ಕಾರ್ಡು ಕೆಟ್ಟಿದೆಯೆಂದು ಕೆಲವರೂ, ಯೂನಿಕ್ಸ್ ಸಾಮಾನ್ಯರ ಉಪಯೋಗಕ್ಕೆ ತಕ್ಕುದಲ್ಲವೆಂದು ಕೆಲವರೂ ತೀರ್ಮಾನಿಸುವುದು ರೂಢಿಯಾಗಿದೆ. ಈ ಎರಡು ತೀರ್ಮಾನಗಳೂ ಪ್ರಾಯಶಃ ಪ್ರಮಾಣವಿಲ್ಲದವು. ಮೊದಲನೆಯದರಿಂದ ಒಳ್ಳೆಯ ಕಾರ್ಡು ಕಸಕ್ಕೆ ಹೋಗುತ್ತದೆ. ಎರಡನೆಯದರಿಂದ, ತನ್ನ ಮೂಲಗ್ರಂಥವನ್ನು ಎಲ್ಲರ ಮುಂದೆ ತೆರೆದಿಟ್ಟಿರುವ ವ್ಯವಸ್ಥೆಯೊಂದು ವಿದ್ಯಾರ್ಥಿಗಳಿಗೆ ದೂರವಾಗುತ್ತದೆ. ದೋಷವು ಎಲ್ಲಿದೆಯೆಂಬುದನ್ನು ಊಹೆಯಿಂದಲ್ಲದೆ ಕ್ರಮವಾದ ಪರೀಕ್ಷೆಯಿಂದ ತಿಳಿಯಲು ಸಾಧ್ಯವುಂಟು. ಆ ಕ್ರಮದ ನಿರೂಪಣೆಯೇ ಪ್ರಕೃತ ಲೇಖನದ ವಿಷಯವು.

ಯೂನಿಕ್ಸ್ ಕ್ರಿ. ಶ. ೧೯೬೯ರಲ್ಲಿ ಅಮೆರಿಕಾದೇಶದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಮೊದಲಾದವರಿಂದ ಪ್ರಾರಂಭವಾಯಿತು. ಮುಂದೆ ಅದು ಹಲವು ಶಾಖೆಗಳಾಗಿ ಹಬ್ಬಿತು. ಅವುಗಳಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿಯಲ್ಲಿ ಬೆಳೆದ ಬಿಎಸ್‌ಡಿ ಶಾಖೆಯು ಜಾಲಸಂಪರ್ಕದ ಚರಿತ್ರೆಯಲ್ಲಿ ಮುಖ್ಯವಾದುದು, ೧೯೮೩ರ ೪.೨ ಬಿಎಸ್‌ಡಿ ಆವೃತ್ತಿಯು ಇಂದಿಗೂ ಬಳಕೆಯಲ್ಲಿರುವ ಟಿಸಿಪಿ-ಐಪಿ ಪದ್ಧತಿಯನ್ನು ಒಳಗೊಂಡಿದ್ದಿತು. ಆ ಸಂತತಿಗೆ ಸೇರಿದ ಫ್ರೀಬಿಎಸ್‌ಡಿಯ ಮೊದಲನೆಯ ಆವೃತ್ತಿಯು ೧೯೯೩ರಲ್ಲಿ ಪ್ರಕಟವಾಯಿತು. ಯೂನಿಕ್ಸ್ ಶಾಖೆಗಳಲ್ಲಿ ಆಜ್ಞೆಗಳ ಹೆಸರುಗಳು ಬೇರೆಬೇರೆಯಾದರೂ ವಿಚಾರಕ್ರಮವು ಒಂದೇ ಆಗಿರುವುದರಿಂದ, ಫ್ರೀಬಿಎಸ್‌ಡಿಯೊಂದನ್ನೇ ಉದಾಹರಣೆಯಾಗಿಟ್ಟುಕೊಂಡು ಹೇಳಿದರೆ ಸಾಕಾಗುತ್ತದೆ.

೨. ಡ್ರೈವರು ಎಂಬ ಶಬ್ದದ ಅರ್ಥ

ಡ್ರೈವರು ಎಂಬುದನ್ನು ‘ಚಾಲಕ’ವೆಂದು ಕನ್ನಡಿಸುವುದುಂಟು. ಶಬ್ದಶಃ ಅದು ಸರಿಯೆ. ಆದರೆ ಗಾಡಿಯನ್ನು ನಡೆಸುವವನ ಕಲ್ಪನೆಯು ಈ ವಿಷಯದಲ್ಲಿ ಅಷ್ಟಾಗಿ ಸಹಾಯಮಾಡುವುದಿಲ್ಲ. ಡ್ರೈವರಿನ ಕಾರ್ಯವನ್ನು ನೋಡಿದರೆ ಅದನ್ನು ದುಭಾಷಿಯೆಂದು ಕರೆಯುವುದು ಹೆಚ್ಚು ಯುಕ್ತವಾಗಿ ತೋರುತ್ತದೆ. ಕಾರ್ಯವ್ಯವಸ್ಥೆಯ ನಡುಭಾಗಕ್ಕೆ ಕರ್ನಲ್ ಎಂದು ಹೆಸರು. “ಈ ಪೊಟ್ಟಣವನ್ನು ಕಳುಹಿಸು”, “ಬಂದಿರುವುದನ್ನು ಒಪ್ಪಿಸು” ಎಂಬ ಸಾಮಾನ್ಯವಾದ ಮಾತುಗಳನ್ನು ಮಾತ್ರ ಕರ್ನಲ್ ಬಲ್ಲದು. ಕಾರ್ಡಿನ ಮೇಲಿರುವ ಚಿಪ್ಪಾದರೋ ತನ್ನ ರಿಜಿಸ್ಟರುಗಳೆಂಬ ಚಿಕ್ಕ ಕೋಶಗಳಲ್ಲಿ ಇಂಥ ಸ್ಥಾನದಲ್ಲಿ ಇಂಥ ಅಂಕೆಯನ್ನು ಬರೆದರೆ ಮಾತ್ರ ಕೆಲಸಮಾಡುತ್ತದೆ. ಒಂದೊಂದು ಚಿಪ್ಪಿನ ಕೋಶಗಳ ವಿನ್ಯಾಸವೂ ಒಂದೊಂದು ಬಗೆ. ಈ ಎರಡು ಭಾಷೆಗಳನ್ನೂ ಬಲ್ಲ ಮಧ್ಯಸ್ಥನೇ ಡ್ರೈವರು.

ಇದರಿಂದ ಒಂದು ವಿಷಯವು ಸ್ಪಷ್ಟವಾಗುತ್ತದೆ. ವಿಂಡೋಸಿನಲ್ಲಿ ಕೆಲಸಮಾಡುತ್ತಿದ್ದ ಕಾರ್ಡು ಯೂನಿಕ್ಸಿನಲ್ಲಿ ಕೆಲಸಮಾಡದಿದ್ದರೆ ಕಾರ್ಡಿನಲ್ಲಿ ಕೊರತೆಯಿದೆಯೆಂದು ಅರ್ಥವಲ್ಲ. ಹಿಂದಿನ ಮನೆಯಲ್ಲಿದ್ದ ದುಭಾಷಿಯು ಹೊಸ ಮನೆಗೆ ಬಂದಿಲ್ಲವೆಂದು ಅರ್ಥ.

೩. ಹೆಸರೂ ಸಂಖ್ಯೆಯೂ

ಕಾರ್ಡಿಗೆ ತಕ್ಕ ಡ್ರೈವರನ್ನು ಹುಡುಕುವವನು ಮೊದಲು ನೋಡುವುದು ಪೆಟ್ಟಿಗೆಯ ಮೇಲಿನ ಹೆಸರನ್ನು. ಅನರ್ಥಕ್ಕೆ ಮೂಲವು ಬಹುಮಟ್ಟಿಗೆ ಇಲ್ಲಿಯೇ ಇದೆ. ಹೆಸರನ್ನು ಇಡುವವನು ಮಾರುವವನು. ಕರ್ನಲ್ ಆ ಹೆಸರನ್ನು ಓದುವುದೇ ಇಲ್ಲ. ಪಿಸಿಐ ಎಂಬ ಜೋಡಣಾಪದ್ಧತಿಯಲ್ಲಿ ಪ್ರತಿಯೊಂದು ಕಾರ್ಡಿನೊಳಗೂ ಎರಡು ಸಂಖ್ಯೆಗಳು ಅಂಕಿತವಾಗಿರುತ್ತವೆ: ಒಂದು ತಯಾರಕನದು, ಇನ್ನೊಂದು ಉಪಕರಣದ್ದು. ಇವನ್ನು ಹದಿನಾರರ ಮಾನದಲ್ಲಿ ಬರೆಯುವುದು ವಾಡಿಕೆ. ತಯಾರಕರಲ್ಲಿ ಇಂಟೆಲ್ಲಿನ ಸಂಖ್ಯೆ ೮೦೮೬, ರಿಯಲ್‌ಟೆಕ್ಕಿನದು ೧೦ಇಸಿ, ಬ್ರಾಡ್‌ಕಾಮಿನದು ೧೪ಇ೪. ಡ್ರೈವರು ತನಗೆ ಗೊತ್ತಿರುವ ಸಂಖ್ಯೆಗಳ ಪಟ್ಟಿಯನ್ನು ತನ್ನೊಳಗೆ ಇಟ್ಟುಕೊಂಡಿರುತ್ತದೆ. ಆ ಪಟ್ಟಿಯಲ್ಲಿ ಕಾರ್ಡಿನ ಸಂಖ್ಯೆಯು ಇದ್ದರೆ ಪರಿಚಯ, ಇಲ್ಲದಿದ್ದರೆ ಅಪರಿಚಯ.

ಹೆಸರಿಗೂ ಸಂಖ್ಯೆಗೂ ಚಿಪ್ಪಿಗೂ ಇರುವ ಸಂಬಂಧವು ಶಬ್ದಾರ್ಥಗಳ ಸಂಬಂಧದಂತೆಯೇ ಮೂರು ಬಗೆಯಾಗಿ ತೊಡಕುಗೊಳ್ಳುತ್ತದೆ.

(ಅ) ಹೆಸರು ಹೆಚ್ಚುಕಡಮೆ ಒಂದೇ, ಚಿಪ್ಪು ಬೇರೆ. ಡಿ-ಲಿಂಕ್ ಸಂಸ್ಥೆಯ ಡಿಎಫ್‌ಇ-೫೩೦ಟಿಎಕ್ಸ್ ಎಂಬ ಕಾರ್ಡಿನಲ್ಲಿದ್ದುದು ವಿಯಾ ಸಂಸ್ಥೆಯ ರೈನ್ ಎಂಬ ಚಿಪ್ಪು. ಅದಕ್ಕೆ ಫ್ರೀಬಿಎಸ್‌ಡಿಯಲ್ಲಿ ‘ವಿಆರ್’ ಎಂಬ ಡ್ರೈವರು. ಅದೇ ಹೆಸರಿನ ಕೊನೆಗೆ ಒಂದು ಕೂಡುಗುರುತು ಸೇರಿ ಡಿಎಫ್‌ಇ-೫೩೦ಟಿಎಕ್ಸ್+ ಎಂದಾದರೆ ಒಳಗಿನ ಚಿಪ್ಪು ರಿಯಲ್‌ಟೆಕ್ ೮೧೩೯ ವರ್ಗದ್ದು, ಡ್ರೈವರು ‘ಆರ್‌ಎಲ್’. ಒಂದು ಗುರುತನ್ನು ಕಡೆಗಣಿಸಿದವನು ವಿಆರ್ ಡ್ರೈವರನ್ನು ಎಷ್ಟು ಸಾರಿ ಹಾಕಿದರೂ ಫಲವಿಲ್ಲ.

(ಆ) ಚಿಪ್ಪು ಒಂದೇ, ಸಂಖ್ಯೆ ಬೇರೆ. ಮೇಲೆ ಹೇಳಿದ ಕೂಡುಗುರುತಿನ ಕಾರ್ಡಿನಲ್ಲಿ ರಿಯಲ್‌ಟೆಕ್ಕಿನ ಸಂಖ್ಯೆಯಿಲ್ಲ. ಡಿ-ಲಿಂಕ್ ತನ್ನ ಸ್ವಂತ ಸಂಖ್ಯೆಯಾದ ೧೧೮೬ನ್ನೂ, ಉಪಕರಣಕ್ಕೆ ೧೩೦೦ನ್ನೂ ಅದರಲ್ಲಿ ಬರೆದಿದೆ. ಇದು ಪರ್ಯಾಯಪದದಂತೆ. ಆರ್‌ಎಲ್ ಡ್ರೈವರಿಗೆ ಆ ಚಿಪ್ಪಿನ ಭಾಷೆಯು ಚೆನ್ನಾಗಿ ತಿಳಿದಿದ್ದರೂ, ಈ ಪರ್ಯಾಯವು ಪಟ್ಟಿಯಲ್ಲಿ ಸೇರಿಲ್ಲದಿದ್ದರೆ ಕಾರ್ಡನ್ನು ಮುಟ್ಟುತ್ತಿರಲಿಲ್ಲ. ಆದಕಾರಣ ಹೊಸ ಕಾರ್ಡೊಂದಕ್ಕೆ ಬೇಕಾಗುವ ದುರಸ್ತಿಯು ಕೆಲವು ವೇಳೆ ಡ್ರೈವರಿನ ಪಟ್ಟಿಗೆ ಒಂದು ಪಂಕ್ತಿಯನ್ನು ಸೇರಿಸುವುದಷ್ಟೆ ಆಗಿರುತ್ತದೆ. ಆದರೆ ಚಿಪ್ಪು ನಿಜವಾಗಿಯೂ ಹಳೆಯದರಂತೆಯೇ ಇದೆಯೆಂಬುದು ನಿಶ್ಚಯವಾದಮೇಲೆ ಮಾತ್ರ ಹಾಗೆ ಮಾಡತಕ್ಕದ್ದು.

(ಇ) ಸಂಖ್ಯೆ ಒಂದೇ, ಚಿಪ್ಪು ಬೇರೆ. ಇದು ನಾನಾರ್ಥಪದದಂತೆ, ತೊಡಕುಗಳಲ್ಲಿ ಇದು ಹೆಚ್ಚಿನದು. ರಿಯಲ್‌ಟೆಕ್ ೮೧೩೯ ಮತ್ತು ೮೧೩೯ಸಿ+ ಎಂಬ ಎರಡು ಚಿಪ್ಪುಗಳಿಗೂ ಸಂಖ್ಯೆಯು ೧೦ಇಸಿ, ೮೧೩೯ ಎಂದೇ. ಆದರೆ ಎರಡನೆಯದು ಪೊಟ್ಟಣಗಳನ್ನು ಸಾಗಿಸುವ ಕ್ರಮವು ಬೇರೆ. ಅದಕ್ಕೆ ‘ಆರ್‌ಇ’ ಎಂಬ ಇನ್ನೊಂದು ಡ್ರೈವರು ಬೇಕು. ‘ಸೈಂಧವವನ್ನು ತಾ’ ಎಂದಾಗ ಉಪ್ಪನ್ನು ತರಬೇಕೋ ಕುದುರೆಯನ್ನು ತರಬೇಕೋ ಎಂಬುದನ್ನು ಪ್ರಕರಣದಿಂದ ನಿರ್ಣಯಿಸುವಂತೆ, ಇಲ್ಲಿ ಪರಿಷ್ಕರಣಸಂಖ್ಯೆಯೆಂಬ ಮೂರನೆಯ ಅಂಕೆಯಿಂದ ನಿರ್ಣಯವಾಗುತ್ತದೆ. ಆ ಅಂಕೆಯು ೨೦ ಆಗಿದ್ದರೆ ಆರ್‌ಎಲ್ ಡ್ರೈವರು ತಾನಾಗಿ ಹಿಂದೆಗೆದು ಕಾರ್ಡನ್ನು ಆರ್‌ಇಗೆ ಬಿಟ್ಟುಕೊಡುತ್ತದೆ.

೪. ಪರೀಕ್ಷೆಯ ನಾಲ್ಕು ಘಟ್ಟಗಳು

ಕಾರ್ಡು ಜಾಲದಲ್ಲಿ ಕೆಲಸಮಾಡಬೇಕಾದರೆ ನಾಲ್ಕು ಘಟ್ಟಗಳನ್ನು ದಾಟಬೇಕು: ಉಪಲಬ್ಧಿ, ಪರಿಚಯ, ಸಂಬಂಧ, ವ್ಯವಹಾರ. ಹಿಂದಿನ ಘಟ್ಟವು ಸಿದ್ಧವಾಗದೆ ಮುಂದಿನದನ್ನು ಪರೀಕ್ಷಿಸುವುದು ವ್ಯರ್ಥವು.

ಮೊದಲನೆಯದು ಉಪಲಬ್ಧಿ; ಎಂದರೆ ಕಾರ್ಡು ಯಂತ್ರಕ್ಕೆ ಕಾಣಿಸುತ್ತಿದೆಯೆ ಎಂಬುದು. ಫ್ರೀಬಿಎಸ್‌ಡಿಯಲ್ಲಿ ‘ಪಿಸಿಐಕಾನ್ಫ್ -ಎಲ್‌ವಿ’ ಎಂಬ ಆಜ್ಞೆಯು ಪಿಸಿಐ ಮಾರ್ಗದಲ್ಲಿರುವ ಸಕಲ ಉಪಕರಣಗಳನ್ನೂ ಅವುಗಳ ಸಂಖ್ಯೆಗಳೊಡನೆ ಪಟ್ಟಿಮಾಡುತ್ತದೆ. ಉಪಕರಣದ ವರ್ಗಸಂಖ್ಯೆಯು ೦೨ರಿಂದ ಪ್ರಾರಂಭವಾದರೆ ಅದು ಜಾಲಕ್ಕೆ ಸಂಬಂಧಿಸಿದುದೆಂದು ತಿಳಿಯಬೇಕು. ಯುಎಸ್‌ಬಿ ಮೂಲಕ ಜೋಡಿಸಿದ ಉಪಕರಣಗಳಿಗೆ ‘ಯುಎಸ್‌ಬಿಕಾನ್ಫಿಗ್’ ಎಂಬ ಬೇರೆ ಆಜ್ಞೆಯುಂಟು. ಈ ಪಟ್ಟಿಯಲ್ಲಿ ಕಾರ್ಡೇ ಇಲ್ಲದಿದ್ದರೆ ಡ್ರೈವರಿನ ಪ್ರಶ್ನೆಯೇ ಏಳುವುದಿಲ್ಲ. ಕಾರ್ಡು ತನ್ನ ಗೂಡಿನಲ್ಲಿ ಸರಿಯಾಗಿ ಕುಳಿತಿಲ್ಲ, ಅಥವಾ ಯಂತ್ರದ ಬಯೋಸಿನಲ್ಲಿ ಅದನ್ನು ನಿಲ್ಲಿಸಲಾಗಿದೆ, ಅಥವಾ ಅದು ನಿಜವಾಗಿಯೂ ಕೆಟ್ಟಿದೆ. ಕಾರ್ಡು ಕೆಟ್ಟಿದೆಯೆಂಬ ಮಾತಿಗೆ ಮೊದಲು ಅವಕಾಶವಿರುವುದು ಈ ಘಟ್ಟದಲ್ಲಿ.

ಎರಡನೆಯದು ಪರಿಚಯ. ಅದೇ ಪಟ್ಟಿಯ ಪ್ರತಿಯೊಂದು ಪಂಕ್ತಿಯ ಆದಿಯಲ್ಲಿಯೂ ಆ ಉಪಕರಣವನ್ನು ವಹಿಸಿಕೊಂಡ ಡ್ರೈವರಿನ ಹೆಸರು ಇರುತ್ತದೆ. ‘ಆರ್‌ಇ-೦’ ಎಂದಿದ್ದರೆ ಆರ್‌ಇ ಡ್ರೈವರು ಅದನ್ನು ವಹಿಸಿಕೊಂಡಿದೆ; ‘ನನ್-೦’, ‘ನನ್-೧’ ಎಂದಿದ್ದರೆ ಯಾರೂ ವಹಿಸಿಕೊಂಡಿಲ್ಲವೆಂದು ತಿಳಿಯಬೇಕು. ಇಲ್ಲಿ ಒಂದು ಭ್ರಾಂತಿಗೆ ಅವಕಾಶವುಂಟು. ‘ನನ್’ ಎಂದಿರುವ ಪಂಕ್ತಿಯ ಕೆಳಗೂ ತಯಾರಕನ ಹೆಸರು, ಚಿಪ್ಪಿನ ಹೆಸರು ಸ್ಪಷ್ಟವಾಗಿ ಅಚ್ಚಾಗಿರುವುದನ್ನು ನೋಡಿ, ವ್ಯವಸ್ಥೆಗೆ ಕಾರ್ಡು ಗೊತ್ತಿದೆಯಲ್ಲ ಎಂದು ಹಲವರು ಬೆರಗಾಗುತ್ತಾರೆ. ಆ ಹೆಸರುಗಳು ಬರುವುದು ಡ್ರೈವರಿನಿಂದಲ್ಲ, ಸಂಖ್ಯೆಗಳಿಗೆ ಹೆಸರುಗಳನ್ನು ಕೊಡುವ ಒಂದು ನಿಘಂಟುವಿನಿಂದ. ನಿಘಂಟುವಿನಲ್ಲಿ ಪದವು ಸಿಕ್ಕಿದ ಮಾತ್ರಕ್ಕೆ ಆ ಭಾಷೆಯಲ್ಲಿ ಮಾತನಾಡಲು ಬರುವುದಿಲ್ಲವೆಂಬುದನ್ನು ಅಧ್ಯಾಪಕರಿಗೆ ಹೇಳಬೇಕಾದುದಿಲ್ಲ.

ಪಂಕ್ತಿಯಲ್ಲಿ ‘ನನ್’ ಎಂದಿದ್ದಾಗ ಎರಡು ಸಂಭವಗಳುಂಟು. ಡ್ರೈವರು ಇದ್ದರೂ ಕರ್ನಲ್‌ನೊಳಗೆ ಬಂದಿಲ್ಲದಿರಬಹುದು. ಅಥವಾ ಡ್ರೈವರೇ ಇಲ್ಲದಿರಬಹುದು. ಮೊದಲನೆಯದಾದರೆ ‘ಕೆಎಲ್‌ಡಿಲೋಡ್’ ಎಂಬ ಆಜ್ಞೆಯಿಂದ ಅದನ್ನು ಕರೆತರಬಹುದು. ಪ್ರತಿಸಾರಿಯೂ ಬರಬೇಕಾದರೆ ‘ಲೋಡರ್.ಕಾನ್ಫ್’ ಎಂಬ ಕಡತದಲ್ಲಿ ಒಂದು ಪಂಕ್ತಿಯನ್ನು ಬರೆಯಬೇಕು. ೨೦೧೮ರಲ್ಲಿ ಹೊರಬಂದ ೧೨.೦ ಆವೃತ್ತಿಯಿಂದ ‘ಡೆವ್‌ಮ್ಯಾಚ್’ ಎಂಬ ಸಾಧನವು ಸಂಖ್ಯೆಯನ್ನು ನೋಡಿ ತಕ್ಕ ಡ್ರೈವರನ್ನು ತಾನಾಗಿ ಕರೆತರುವ ಕೆಲಸವನ್ನು ಮಾಡುತ್ತಿದೆ. ಡ್ರೈವರು ಕರ್ನಲ್‌ನಲ್ಲಿ ಮೊದಲೇ ಇದ್ದರೆ ‘ಆಗಲೇ ಬಂದಿದೆ’ ಎಂಬರ್ಥದ ಉತ್ತರ ಬರುತ್ತದೆ, ಅದು ದೋಷಸೂಚನೆಯಲ್ಲ. ‘ಆವೃತ್ತಿ ಹೊಂದುವುದಿಲ್ಲ’ ಎಂಬರ್ಥದ ಉತ್ತರ ಬಂದರೆ ಮಾತ್ರ, ಬೇರೊಂದು ಕರ್ನಲ್‌ಗಾಗಿ ಸಿದ್ಧಪಡಿಸಿದ ಡ್ರೈವರನ್ನು ತರಲು ಪ್ರಯತ್ನಿಸಲಾಗಿದೆಯೆಂದು ತಿಳಿಯಬೇಕು.

ಒಂದು ಕಾರ್ಡನ್ನು ಎರಡು ಡ್ರೈವರುಗಳು ಬಲ್ಲವಾದರೆ ಯಾವುದಕ್ಕೆ ಅಧಿಕಾರ? ಇಲ್ಲಿ ವೈಯಾಕರಣರ ಉತ್ಸರ್ಗಾಪವಾದನ್ಯಾಯವೇ ನಡೆಯುತ್ತದೆ. ಪ್ರತಿಯೊಂದು ಡ್ರೈವರೂ ಕಾರ್ಡನ್ನು ಪರೀಕ್ಷಿಸಿ ತನ್ನ ಯೋಗ್ಯತೆಯನ್ನು ಒಂದು ಅಂಕೆಯಿಂದ ತಿಳಿಸುತ್ತದೆ. ಆ ವರ್ಗಕ್ಕೆಲ್ಲ ಸಲ್ಲುವ ಸಾಮಾನ್ಯ ಡ್ರೈವರಿನ ಅಂಕೆಯು ಕೀಳು, ಆ ಉಪಕರಣಕ್ಕೆಂದೇ ಬರೆದುದರದು ಮೇಲು, ತಯಾರಕನೇ ಒದಗಿಸಿದುದರದು ಇನ್ನೂ ಮೇಲು. ವಿಶೇಷವು ಸಾಮಾನ್ಯವನ್ನು ಬಾಧಿಸುತ್ತದೆ.

ಮೂರನೆಯದು ಸಂಬಂಧ. ಪರಿಚಯವಾದಮೇಲೆ ಡ್ರೈವರು ಚಿಪ್ಪಿನ ರಿಜಿಸ್ಟರುಗಳನ್ನು ಓದಿ, ಸ್ಮೃತಿಸ್ಥಾನವನ್ನು ಪಡೆದು, ಕಾರ್ಡಿನ ವಿಳಾಸವನ್ನು ಗ್ರಹಿಸಿ ಕೆಲಸಕ್ಕೆ ಸಿದ್ಧವಾಗಬೇಕು. ಇಲ್ಲಿಯೂ ಭಂಗವುಂಟಾಗಬಹುದು. ರಿಯಲ್‌ಟೆಕ್ ೮೧೬೮ ಎಂಬ ಒಂದೇ ಸಂಖ್ಯೆಯಡಿಯಲ್ಲಿ ಹಲವು ಪೀಳಿಗೆಯ ಚಿಪ್ಪುಗಳು ಬಂದಿವೆ. ಹಳೆಯ ಆರ್‌ಇ ಡ್ರೈವರು ಹೊಸ ಪೀಳಿಗೆಯ ಚಿಪ್ಪನ್ನು ಸಂಖ್ಯೆಯಿಂದ ಗುರುತಿಸಿ ಹತ್ತಿರ ಹೋದಮೇಲೆ, ಒಳಗಿನ ಪರಿಷ್ಕರಣಾಂಕವು ತನಗೆ ತಿಳಿಯದುದೆಂದು ಸಾರಿ ಹಿಂದಿರುಗುತ್ತದೆ. ಯಂತ್ರವು ಏಳುವಾಗಿನ ಸಂದೇಶಗಳನ್ನು ‘ಡಿಮೆಸ್ಗ್’ ಎಂಬ ಆಜ್ಞೆಯಿಂದ ಓದಿದರೆ ಈ ಮಾತೂ, ಸಂಬಂಧವು ೬ ಎಂಬ ದೋಷಾಂಕದಿಂದ ನಿಂತಿತೆಂಬ ಮಾತೂ ಕಾಣುತ್ತವೆ. ಆ ಅಂಕೆಯ ಅರ್ಥವು ಅಂಥ ಉಪಕರಣವು ಸಿದ್ಧವಾಗಿಲ್ಲವೆಂಬುದು. ಇದಕ್ಕೆ ಪರಿಹಾರವು ಹೊಸ ಆವೃತ್ತಿಯ ಡ್ರೈವರೇ ಹೊರತು ಹೊಸ ಕಾರ್ಡಲ್ಲ.

ನಾಲ್ಕನೆಯದು ವ್ಯವಹಾರ. ಸಂಬಂಧವುಂಟಾದ ಕಾರ್ಡು ‘ಇಫ್‌ಕಾನ್ಫಿಗ್’ ಎಂಬ ಆಜ್ಞೆಯ ಪಟ್ಟಿಯಲ್ಲಿ ತನ್ನ ಡ್ರೈವರಿನ ಹೆಸರಿನಿಂದಲೇ ಕಾಣಿಸುತ್ತದೆ: ಇಂಟೆಲ್ ಆದರೆ ‘ಇಎಂ-೦’, ಬ್ರಾಡ್‌ಕಾಮ್ ಆದರೆ ‘ಬಿಜಿಇ-೦’, ಹೀಗೆ. ಈ ನಾಮಕರಣಪದ್ಧತಿಯು ಬಿಎಸ್‌ಡಿ ಶಾಖೆಯ ಒಂದು ಗುಣವು. ಹೆಸರನ್ನು ಕೇಳಿದೊಡನೆ ದುಭಾಷಿಯು ಯಾರೆಂಬುದು ತಿಳಿಯುತ್ತದೆ. ಆದರೆ ಎರಡು ಅಪವಾದಗಳನ್ನು ನೆನಪಿನಲ್ಲಿಡಬೇಕು. ಯುಎಸ್‌ಬಿಯ ಈಥರ್‌ನೆಟ್ ಉಪಕರಣಗಳು ಡ್ರೈವರು ಯಾವುದಾದರೂ ‘ಯುಇ-೦’ ಎಂದೇ ಕಾಣುತ್ತವೆ. ನಿಸ್ತಂತು ಕಾರ್ಡುಗಳು ೧೧.೦ ಆವೃತ್ತಿಯಿಂದೀಚೆಗೆ ಈ ಪಟ್ಟಿಯಲ್ಲಿ ನೇರವಾಗಿ ಕಾಣುವುದೇ ಇಲ್ಲ. ಅವುಗಳ ಮೇಲೆ ‘ಡಬ್ಲ್ಯುಲ್ಯಾನ್-೦’ ಎಂಬ ಒಂದು ರೂಪವನ್ನು ಮೊದಲು ಕಲ್ಪಿಸಬೇಕು. ಇದನ್ನರಿಯದೆ, ಡ್ರೈವರು ಸರಿಯಾಗಿ ಕೆಲಸಮಾಡುತ್ತಿರುವ ಎಷ್ಟೋ ನಿಸ್ತಂತು ಕಾರ್ಡುಗಳನ್ನು ಇಲ್ಲವೆಂದು ತಿಳಿಯುವುದುಂಟು. ಅವುಗಳ ಇರವನ್ನು ‘ಸಿಸ್‌ಸಿಟಿಎಲ್’ ಎಂಬ ಆಜ್ಞೆಯಿಂದ ‘ನೆಟ್.ಡಬ್ಲ್ಯುಲ್ಯಾನ್.ಡಿವೈಸಸ್’ ಎಂಬುದನ್ನು ಕೇಳಿ ತಿಳಿಯಬೇಕು.

೫. ವ್ಯವಹಾರದಲ್ಲಿನ ದೋಷಗಳು

ಹೆಸರು ಕಾಣಿಸಿದಮೇಲೆಯೂ ಮಾತು ಹೊರಡದಿದ್ದರೆ ಮೊದಲು ಅದರ ಸ್ಥಿತಿಯನ್ನು ನೋಡಬೇಕು. ‘ನೋ ಕ್ಯಾರಿಯರ್’ ಎಂದಿದ್ದರೆ ತಂತಿ, ಸ್ವಿಚ್ಚು ಇವುಗಳ ಕಡೆಗೆ ತಿರುಗಬೇಕು. ‘ಆಕ್ಟಿವ್’ ಎಂದಿದ್ದು ಉತ್ತರ ಬಾರದಿದ್ದರೆ ವಿಳಾಸ, ಮಾರ್ಗ ಇವುಗಳ ದೋಷವಿರಬಹುದು; ಅದು ಡ್ರೈವರಿನ ವಿಚಾರವಲ್ಲ.

ಡ್ರೈವರಿಗೇ ಸೇರಿದ ದೋಷಗಳಲ್ಲಿ ಪ್ರಸಿದ್ಧವಾದುದು ‘ವಾಚ್‌ಡಾಗ್ ಟೈಮೌಟ್’ ಎಂಬ ಸಂದೇಶವು. ಡ್ರೈವರು ಪೊಟ್ಟಣವನ್ನು ಚಿಪ್ಪಿಗೆ ಒಪ್ಪಿಸಿ, ಕಳುಹಿಸಿದೆನೆಂಬ ಉತ್ತರಕ್ಕಾಗಿ ಕಾದು, ಅವಧಿಯೊಳಗೆ ಅದು ಬಾರದಿದ್ದಾಗ ಹೀಗೆ ಕೂಗುತ್ತದೆ. ಕಾರಣಗಳು ಹಲವು: ಚಿಪ್ಪಿನ ಕರೆಯು ಕರ್ನಲ್‌ಗೆ ಮುಟ್ಟುವ ಮಾರ್ಗದಲ್ಲಿನ ದೋಷ, ಪೊಟ್ಟಣಗಳನ್ನು ಕತ್ತರಿಸುವ, ಮೊತ್ತದ ತಾಳೆನೋಡುವ ಕೆಲಸಗಳನ್ನು ಚಿಪ್ಪೇ ವಹಿಸಿಕೊಂಡಾಗ ಅದರಲ್ಲಿ ಬರುವ ದೋಷ, ಅಥವಾ ಆ ಪೀಳಿಗೆಯ ಚಿಪ್ಪಿನ ವಿಷಯದಲ್ಲಿ ಡ್ರೈವರಿನ ಜ್ಞಾನದ ಅಪೂರ್ಣತೆ. ಇವುಗಳಲ್ಲಿ ಯಾವುದೆಂಬುದನ್ನು ಅನ್ವಯವ್ಯತಿರೇಕಗಳಿಂದಲೇ ನಿರ್ಣಯಿಸಬೇಕು. ಚಿಪ್ಪಿಗೆ ವಹಿಸಿದ ಕೆಲಸಗಳನ್ನು ಇಫ್‌ಕಾನ್ಫಿಗ್ ಆಜ್ಞೆಯಿಂದ ಒಂದೊಂದಾಗಿ ಹಿಂದಕ್ಕೆ ಪಡೆದು ನೋಡಬೇಕು. ಒಂದನ್ನು ತೆಗೆದಾಗ ದೋಷವು ಹೋಗಿ, ಮತ್ತೆ ಕೊಟ್ಟಾಗ ಮರಳಿ ಬಂದರೆ ಅದೇ ಕಾರಣವು. ನಾಲ್ಕು ಮಾರ್ಪಾಟುಗಳನ್ನು ಒಟ್ಟಿಗೆ ಮಾಡಿದವನಿಗೆ ದೋಷವು ಹೋದರೂ ಏಕೆ ಹೋಯಿತೆಂಬುದು ತಿಳಿಯುವುದಿಲ್ಲ. ಮುಂದಿನ ಸಾರಿ ಅವನು ಮೊದಲಿದ್ದಲ್ಲಿಯೇ ಇರುತ್ತಾನೆ. ಇವಾವುದರಿಂದಲೂ ಫಲವಾಗದಿದ್ದರೆ, ರಿಯಲ್‌ಟೆಕ್ ತಾನೇ ಬರೆದಿರುವ ಡ್ರೈವರನ್ನು ಫ್ರೀಬಿಎಸ್‌ಡಿಯ ಪೋರ್ಟ್ಸ್ ಭಂಡಾರದಿಂದ ಪಡೆದು ಆರ್‌ಇಯ ಸ್ಥಾನದಲ್ಲಿ ನಿಲ್ಲಿಸಬಹುದು.

೬. ಅನ್ಯೋನ್ಯಾಶ್ರಯ

ಈ ವಿಷಯದಲ್ಲಿ ಜನರನ್ನು ಎಲ್ಲಕ್ಕಿಂತ ಹೆಚ್ಚಾಗಿ ದಣಿಸುವುದು ತಾರ್ಕಿಕರು ಅನ್ಯೋನ್ಯಾಶ್ರಯವೆಂದು ಕರೆಯುವ ದೋಷವು. ಡ್ರೈವರು ಸಿಕ್ಕಬೇಕಾದರೆ ಜಾಲವು ಬೇಕು. ಜಾಲವು ಸಿಕ್ಕಬೇಕಾದರೆ ಡ್ರೈವರು ಬೇಕು. ನಿಸ್ತಂತು ಕಾರ್ಡುಗಳಲ್ಲಿ ಇದು ಇನ್ನೂ ತೀವ್ರವಾಗುತ್ತದೆ. ಅವುಗಳಲ್ಲಿ ಹಲವಕ್ಕೆ ಡ್ರೈವರು ಮಾತ್ರ ಸಾಲದು. ಚಿಪ್ಪಿನೊಳಗೇ ನಡೆಯಬೇಕಾದ ಫರ್ಮ್‌ವೇರ್ ಎಂಬ ಇನ್ನೊಂದು ಲಿಖಿತವನ್ನು ಪ್ರತಿಸಾರಿಯೂ ಅದಕ್ಕೆ ಉಣಿಸಬೇಕು. ೨೦೨೩ರ ೧೪.೦ ಆವೃತ್ತಿಯಲ್ಲಿ ಬಂದ ‘ಎಫ್‌ಡಬ್ಲ್ಯುಗೆಟ್’ ಎಂಬ ಆಜ್ಞೆಯು ಕಾರ್ಡಿನ ಸಂಖ್ಯೆಯನ್ನು ನೋಡಿ ತಕ್ಕ ಫರ್ಮ್‌ವೇರನ್ನು ತರುತ್ತದೆ. ಆದರೆ ತರುವುದಕ್ಕೂ ಜಾಲವೇ ಬೇಕು.

ಈ ಚಕ್ರವನ್ನು ಒಳಗಿನಿಂದ ಮುರಿಯಲಾಗದು. ಮೂರನೆಯದೊಂದು ಆಶ್ರಯ ಬೇಕು. ಸುಲಭವಾದುದು ಮೊಬೈಲ್ ಫೋನು. ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಅದರಲ್ಲಿ ಟೆದರಿಂಗನ್ನು ತೆರೆದರೆ, ‘ಯುಆರ್‌ಎನ್‌ಡಿಐಎಸ್’ ಎಂಬ ಡ್ರೈವರು ಅದನ್ನು ಕಾರ್ಡಿನಂತೆ ಉಪಯೋಗಿಸಿಕೊಳ್ಳುತ್ತದೆ; ಯುಇ-೦ ಎಂಬ ಹೆಸರು ಕಾಣಿಸುತ್ತದೆ. ಅದಿಲ್ಲದಿದ್ದರೆ ಬೇರೊಂದು ಯಂತ್ರದಲ್ಲಿ ಬೇಕಾದ ಕಡತವನ್ನು ಪಡೆದು ಯುಎಸ್‌ಬಿ ಕಡ್ಡಿಯಲ್ಲಿ ತರಬೇಕು. ವ್ಯವಸ್ಥೆಯನ್ನು ಸ್ಥಾಪಿಸುವ ಮುನ್ನವೇ ಕಾರ್ಡಿನ ಎರಡು ಸಂಖ್ಯೆಗಳನ್ನು ಬರೆದಿಟ್ಟುಕೊಂಡವನಿಗೆ ಈ ಕಷ್ಟವು ಬಹುಮಟ್ಟಿಗೆ ತಪ್ಪುತ್ತದೆ.

೭. ಡ್ರೈವರಿನ ಅಭಾವಕ್ಕೆ ಕಾರಣ

ಕೆಲವು ಕಾರ್ಡುಗಳಿಗೆ ಡ್ರೈವರೇ ಇರುವುದಿಲ್ಲವೇಕೆ? ರಿಜಿಸ್ಟರುಗಳ ವಿನ್ಯಾಸವನ್ನು ತಿಳಿಸುವ ಗ್ರಂಥವನ್ನು ತಯಾರಕನು ಪ್ರಕಟಿಸಿದರೆ ಯಾರು ಬೇಕಾದರೂ ಡ್ರೈವರನ್ನು ಬರೆಯಬಹುದು. ಅದನ್ನು ಗುಟ್ಟಾಗಿಟ್ಟರೆ ದಾರಿಯು ಮುಚ್ಚುತ್ತದೆ. ಎನ್ವಿಡಿಯಾ ಸಂಸ್ಥೆಯ ಎನ್‌ಫೋರ್ಸ್ ಎಂಬ ಚಿಪ್ಪುಗಳ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವು. ಅವುಗಳೊಳಗಿನ ಈಥರ್‌ನೆಟ್ ಭಾಗಕ್ಕೆ ಫ್ರೀಬಿಎಸ್‌ಡಿಯಲ್ಲಿ ಮೊದಲು ಇದ್ದ ‘ಎನ್‌ವಿಇ’ ಡ್ರೈವರು, ತಯಾರಕನು ಕೊಟ್ಟ, ಮೂಲವನ್ನು ತೋರಿಸದ ಯಂತ್ರಲಿಪಿಯ ತುಣುಕೊಂದನ್ನು ಸುತ್ತಿಕೊಂಡಿದ್ದಿತು. ಅದರೊಳಗಿನ ದೋಷವನ್ನು ಕಂಡರೂ ತಿದ್ದುವ ಅಧಿಕಾರವು ಯಾರಿಗೂ ಇರಲಿಲ್ಲ. ಮುಂದೆ ಓಪನ್‌ಬಿಎಸ್‌ಡಿಯವರು ಅಂಥ ತುಣುಕಿಲ್ಲದೆ, ಓದಬಹುದಾದ ‘ಎನ್‌ಎಫ್‌ಇ’ ಡ್ರೈವರನ್ನು ಬರೆದು ೨೦೦೬ರಲ್ಲಿ ತಮ್ಮ ೩.೯ ಆವೃತ್ತಿಯಲ್ಲಿ ಪ್ರಕಟಿಸಿದರು. ಅದು ಫ್ರೀಬಿಎಸ್‌ಡಿಗೂ ಬಂದು ಎನ್‌ವಿಇಯ ಸ್ಥಾನವನ್ನು ಪಡೆಯಿತು.

ಇನ್ನೊಂದು ಉಪಾಯವನ್ನು ಬಿಲ್ ಪಾಲ್ ಎಂಬವರು ಹೂಡಿದರು. ಆರ್‌ಎಲ್, ವಿಆರ್, ಆರ್‌ಇ ಮೊದಲಾದ ಡ್ರೈವರುಗಳ ಕರ್ತೃವೂ ಇವರೇ. ವಿಂಡೋಸಿಗಾಗಿ ಬರೆದ ಡ್ರೈವರನ್ನೇ ತಂದು, ತಾನಿನ್ನೂ ವಿಂಡೋಸಿನಲ್ಲಿಯೇ ಇರುವೆನೆಂದು ಅದಕ್ಕೆ ತೋರುವಂತೆ ಮಾಡುವ ‘ಎನ್‌ಡಿಐಎಸ್’ ಎಂಬ ಹೊದಿಕೆಯು ೨೦೦೪ರ ೫.೩ ಆವೃತ್ತಿಯಲ್ಲಿ ಸೇರಿತು. ದುಷ್ಟಯೋಜನೆ ಎಂಬರ್ಥದ ಅಡ್ಡಹೆಸರೊಂದು ಅದಕ್ಕೆ ಇದ್ದಿತು. ಅದು ಎಷ್ಟೋ ನಿಸ್ತಂತು ಕಾರ್ಡುಗಳಿಗೆ ಮಾತುಕೊಟ್ಟಿತಾದರೂ, ವಿಂಡೋಸಿನ ಹೊಸ ಡ್ರೈವರುಗಳು ಅದಕ್ಕೆ ಹೊಂದದೆ ಹೋದುದರಿಂದ ೨೦೨೧ರಲ್ಲಿ ಮೂಲದಿಂದ ತೆಗೆದುಹಾಕಲ್ಪಟ್ಟಿತು. ಎರವಲು ದುಭಾಷಿಯ ಆಯುಸ್ಸು ಅಷ್ಟೇ.

ಮೂಲವು ತೆರೆದಿದ್ದರೂ ಡ್ರೈವರು ಶಾಶ್ವತವೆಂದು ಭಾವಿಸಲಾಗದು. ಬಳಸುವವರೂ ಪರೀಕ್ಷಿಸುವವರೂ ಇಲ್ಲದಾದರೆ ಅದು ಲೋಪಹೊಂದುತ್ತದೆ. ಎನ್‌ಇ-೨೦೦೦ ವರ್ಗದ ಹಳೆಯ ಕಾರ್ಡುಗಳಿಗಿದ್ದ ‘ಇಡಿ’ ಮೊದಲಾದ ಡ್ರೈವರುಗಳನ್ನು, ಮುಂಚಿತವಾಗಿ ಪ್ರಕಟನೆ ಕೊಟ್ಟು, ೨೦೨೧ರ ೧೩.೦ ಆವೃತ್ತಿಯಲ್ಲಿ ಕೈಬಿಡಲಾಯಿತು. ಹಿಂದಿನ ದಿನದವರೆಗೆ ಕೆಲಸಮಾಡುತ್ತಿದ್ದ ಕಾರ್ಡು ಆವೃತ್ತಿಯನ್ನು ಬದಲಿಸಿದೊಡನೆ ನಿಂತುಹೋದರೆ, ಈ ಸಂಭವವನ್ನೂ ಗಮನಿಸಬೇಕು. ಹೊಸ ಆವೃತ್ತಿಗೆ ಹೋಗುವ ಮುನ್ನ ಅದರ ಪ್ರಕಟನಾಪತ್ರದಲ್ಲಿ ತನ್ನ ಡ್ರೈವರಿನ ಹೆಸರಿದೆಯೇ ಎಂದು ಹುಡುಕುವುದು ಬುದ್ಧಿವಂತಿಕೆಯು.

೮. ಉಪಸಂಹಾರ

ಮೇಲಿನ ವಿಚಾರದಿಂದ ಸಿದ್ಧವಾಗುವುದೇನೆಂದರೆ: ಕಾರ್ಡನ್ನು ಮಾರಾಟದ ಹೆಸರಿನಿಂದಲ್ಲ, ಒಳಗಿನ ಸಂಖ್ಯೆಯಿಂದ ಗುರುತಿಸಬೇಕು. ಸಂಖ್ಯೆಯೊಂದರಿಂದಲೇ ನಿರ್ಣಯವಾಗದಿದ್ದಾಗ ಪರಿಷ್ಕರಣಾಂಕವನ್ನು ನೋಡಬೇಕು. ಉಪಲಬ್ಧಿ, ಪರಿಚಯ, ಸಂಬಂಧ, ವ್ಯವಹಾರ ಎಂಬ ನಾಲ್ಕು ಘಟ್ಟಗಳಲ್ಲಿ ಎಲ್ಲಿ ತಡೆಯಾಗಿದೆಯೆಂಬುದನ್ನು ಯಂತ್ರವು ತಾನೇ ತನ್ನ ಸಂದೇಶಗಳಲ್ಲಿ ಹೇಳುತ್ತದೆ; ಕೇಳುವವನು ಕ್ರಮವಾಗಿ ಕೇಳಬೇಕು. ಹೀಗೆ ಕೇಳಿದಲ್ಲಿ, ಕೆಟ್ಟಿತೆಂದು ಎಸೆಯಲ್ಪಡುವ ಕಾರ್ಡುಗಳಲ್ಲಿ ಹಲವು ಕೆಟ್ಟವಲ್ಲ, ಅವುಗಳ ಭಾಷೆಯನ್ನು ಬಲ್ಲವರು ಆ ಯಂತ್ರದಲ್ಲಿ ಇಲ್ಲದಿರುವುದಷ್ಟೇ ಕೊರತೆಯೆಂಬುದು ಗೊ‌ತ್ತಾಗುತ್ತದೆ. ಡ್ರೈವರಿಲ್ಲದ ಕಾರ್ಡೊಂದನ್ನು ಕಂಡವನು ಅದರ ಸಂಖ್ಯೆಗಳನ್ನೂ ಸಂದೇಶಗಳನ್ನೂ ಯಥಾವತ್ತಾಗಿ ಬರೆದು ಡ್ರೈವರನ್ನು ಬರೆಯುವವರಿಗೆ ತಲಪಿಸಿದರೆ, ಅದರಿಂದ ತನಗೆ ಮಾತ್ರವಲ್ಲದೆ ಆ ಕಾರ್ಡನ್ನು ಹೊಂದಿರುವ ಎಲ್ಲರಿಗೂ ಉಪಕಾರವಾಗುತ್ತದೆ.